ಅಶ್ವತ್ಥರ ಅಟ್ಟ, ನಮ್ಮ ತೊಟ್ಟಿಲು

ವಿಶಾಖಪಟ್ಟಣದ ಅಶ್ವತ್ಥರನ್ನು ಈಗ ಎಲ್ಲರೂ ಸಂಗ್ರಾಹಕರು ಎನ್ನುತ್ತಾರೆ. ಋಷಿಕೊಂಡದ ಬೆಟ್ಟದ ಮೇಲಿನ ಕಂಪನಿಗಳ ಹುಡುಗ ಹುಡುಗಿಯರು ಶನಿವಾರ ಅವರ ಮನೆಗೆ ಬಂದು, ಹಳೇ ಹಂಡೆಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಗೇಟಿಗೆ ‘ಅಶ್ವತ್ಥ ಹೆರಿಟೇಜ್ ಕಲೆಕ್ಷನ್’ ಎಂದು ಬೋರ್ಡು ಬೇರೆ. ನನಗೆ ಗೊತ್ತಿರುವ ಸತ್ಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಹಾನುಭಾವರು ಜೀವಮಾನದಲ್ಲಿ ಹುಡುಕಿ ತಂದ ವಸ್ತುಗಳನ್ನು ಒಂದು ಚೀಲಕ್ಕೆ ತುಂಬಬಹುದು. ಉಳಿದದ್ದೆಲ್ಲ ನಾವು ಅವರ ಮನೆಯಲ್ಲಿ ಬಿಟ್ಟು ಬಂದದ್ದು.

ವಿಶಾಖಪಟ್ಟಣದಲ್ಲಿ ಕನ್ನಡದವರು ಎರಡು ಬಗೆ. ಕಾರ್ಖಾನೆಯವರು ಮತ್ತು ಬ್ಯಾಂಕಿನವರು. ಕಾರ್ಖಾನೆಯವರಿಗೆ ವರ್ಗಾವಣೆ ಎಂಬುದಿಲ್ಲ. ಸೇರಿದ ಊರಲ್ಲೇ ನಿವೃತ್ತಿ. ನಮ್ಮಂಥ ಬ್ಯಾಂಕಿನವರಿಗೆ ಕೆಲವು ವರ್ಷಕ್ಕೊಮ್ಮೆ ಗಂಟುಮೂಟೆ. ಲಾರಿಗೆ ಇಷ್ಟೇ ತೂಕ ಎಂದು ಬ್ಯಾಂಕಿನ ನಿಯಮ ಇರುತ್ತಿತ್ತು. ಆ ತೂಕ ಮೀರಿದ ಒರಳುಕಲ್ಲು, ಹಂಡೆ, ಬೀಸುಕಲ್ಲು, ಮಣೆಗಳನ್ನೆಲ್ಲ ಯಾರಾದರೂ ಕಾರ್ಖಾನೆಯ ಕನ್ನಡದವರ ಮನೆಗೆ ಸಾಗಿಸಿ, “ಸ್ವಲ್ಪ ಇಟ್ಕೊಂಡಿರಿ, ಮುಂದಿನ ಸಲ ಬಂದಾಗ ತಗೊಂಡು ಹೋಗ್ತೀವಿ” ಎಂದು ಹೇಳಿ ಹೊರಟುಬಿಡುವುದು ನಮ್ಮ ಪದ್ಧತಿ. ಮುಂದಿನ ಸಲ ಯಾರೂ ಬರುತ್ತಿರಲಿಲ್ಲ. ಬಂದರೂ ಊಟ ಮಾಡಿ, ಸಿಂಹಾಚಲದ ದೇವರ ದರ್ಶನ ಮಾಡಿ, ಹಾಗೇ ರೈಲು ಹತ್ತುತ್ತಿದ್ದರು.

ಅರಸೀಕೆರೆಯ ಕಡೆಯ ಅಶ್ವತ್ಥರು ಇಪ್ಪತ್ತನಾಲ್ಕನೇ ವಯಸ್ಸಿಗೆ ಕಾರ್ಖಾನೆಗೆ ಎಂಜಿನಿಯರಾಗಿ ಬಂದವರು. ಅವರ ಕ್ವಾರ್ಟರ್ಸಿನಲ್ಲಿ ಎರಡು ಅಟ್ಟ ಇದ್ದವು ಮತ್ತು ಅವರಿಗೆ ‘ಆಗಲ್ಲ’ ಎನ್ನಲು ಬರುತ್ತಿರಲಿಲ್ಲ. ಇಷ್ಟು ಸಾಕಿತ್ತು ನಮಗೆ. ಯಾರು ಏನು ತಂದರೂ “ಪರ್ವಾಲೇದು ಬಿಡಿ, ಇರ್ಲಿ” ಎನ್ನುತ್ತಿದ್ದರು. ವಿಜಯವಾಡದ ದುರ್ಗಾಭವಾನಿಯನ್ನು ಮದುವೆಯಾಗಿ ಕರೆತಂದಾಗ ಆ ಮನೆಯಲ್ಲಿ ಏಳು ಸಂಸಾರಗಳ ಸಾಮಾನಿತ್ತು. ಪಾಪ, ಆ ಹೆಣ್ಣುಮಗಳು ತವರಿಂದ ತಂದ ಬೀರುವನ್ನು ವರಾಂಡದಲ್ಲಿ ಇಡಬೇಕಾಯಿತು. ಒಳಗಿನ ಗೋಡೆಗೆ ಭರತೇಶ ಎಂಬ ಬೆಳಗಾವಿ ಆಫೀಸರರ ಮಂಚ ಒರಗಿ ನಿಂತಿತ್ತು. ಅವರು ಅದನ್ನು ಬಿಟ್ಟು ಹೋಗಿ ಆಗಲೇ ಆರು ವರ್ಷವಾಗಿತ್ತು.

ನಿವೃತ್ತಿಯಾಗಿ ಋಷಿಕೊಂಡದ ಹತ್ತಿರ ಸ್ವಂತ ಮನೆ ಕಟ್ಟಿ ಹೋದಾಗ ಅಶ್ವತ್ಥರ ಸಾಮಾನು ಎರಡು ಲಾರಿ. ಅದರಲ್ಲಿ ಒಂದೂವರೆ ಲಾರಿ ಅವರದಲ್ಲ. ಯಾವನೋ ಪಕ್ಕದ ಮನೆಯ ಹುಡುಗ ಅದನ್ನೆಲ್ಲ ನೋಡಿ “ಅಂಕಲ್, ವಿಂಟೇಜ್!” ಎಂದನಂತೆ. ಅಷ್ಟೇ, ಕೆಟ್ಟಿತು ಕತೆ. ಮೂವತ್ತೈದು ವರ್ಷ ಬೇರೆಯವರ ಸಾಮಾನಿನ ಧೂಳು ತಿಂದ ಮನುಷ್ಯ ರಾತ್ರೋರಾತ್ರಿ ಪ್ರಾಚ್ಯವಸ್ತು ಪಂಡಿತರಾದರು. ಮೇಲ್ಮಹಡಿಯ ಹಾಲಿನಲ್ಲಿ ಎಲ್ಲವನ್ನೂ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಇಂಗ್ಲಿಷ್, ತೆಲುಗು, ಕನ್ನಡ ಮೂರರಲ್ಲೂ ಕಾರ್ಡು ಬರೆದು ನೇತುಹಾಕಿದರು. ನನ್ನ ಕಣ್ಣೆದುರೇ ದಾವಣಗೆರೆಯ ಸಂತೆಯಿಂದ ಬಂದ ಒರಳುಕಲ್ಲು ಅಲ್ಲಿ ‘ಜಮೀನ್ದಾರರ ಪಾಕಶಾಲೆ, ಸುಮಾರು 250 ವರ್ಷ’ ಆಗಿ ಕೂತಿದೆ.

ಇದೆಲ್ಲ ನನಗೇನೂ ಸಂಬಂಧವಿಲ್ಲ ಎಂದು ನಾನು ಸುಮ್ಮನಿದ್ದವಳು. ಆದರೆ ಕಳೆದ ನವೆಂಬರಿನಲ್ಲಿ ನನ್ನ ಮಗಳು ಜಾಹ್ನವಿಗೆ ಹೆಣ್ಣುಮಗುವಾಯಿತು. ಬಾಣಂತನ ನಮ್ಮಲ್ಲೇ, ವಿಜಯವಾಡದ ಭವಾನಿಪುರಂನಲ್ಲಿ. ನಾಮಕರಣಕ್ಕೆ ತೊಟ್ಟಿಲು ಬೇಕಲ್ಲ? ಗವರ್ನರ್‌ಪೇಟೆಯ ಅಂಗಡಿಗಳನ್ನೆಲ್ಲ ಸುತ್ತಿದೆ. ಇರುವುದೆಲ್ಲ ಸ್ಟೀಲು, ಪ್ಲಾಸ್ಟಿಕ್ಕು, ಬಟನ್ ಒತ್ತಿದರೆ ತಾನೇ ತೂಗಿಕೊಂಡು ಇಂಗ್ಲಿಷ್ ಹಾಡು ಹೇಳುವಂಥವು. ಆಗ ನೆನಪಾಯಿತು ನಮ್ಮ ತೊಟ್ಟಿಲು. ತೇಗದ್ದು, ನಾಲ್ಕು ಮೂಲೆಗೆ ನಾಲ್ಕು ಗಿಳಿ, ಒಂದು ಗಿಳಿಗೆ ಕೊಕ್ಕಿಲ್ಲ. ಜಾಹ್ನವಿ ಹಲ್ಲು ಬರುವಾಗ ಕಚ್ಚಿ ಕಚ್ಚಿ ಮುರಿದದ್ದು. ತೊಂಬತ್ತೆಂಟರಲ್ಲಿ ನಮಗೆ ವಿಜಯವಾಡಕ್ಕೆ ವರ್ಗವಾದಾಗ, ಲಾರಿಯಲ್ಲಿ ಜಾಗವಿಲ್ಲದೆ ಅಶ್ವತ್ಥರ ಅಟ್ಟಕ್ಕೆ ಹಾಕಿ ಬಂದಿದ್ದೆವು.

ಬೀಗಿತ್ತಿಗೆ ಫೋನಿನಲ್ಲಿ ಆಗಲೇ ಹೇಳಿಯೂಬಿಟ್ಟೆ. “ನಮ್ಮನೆತನದ ತೊಟ್ಟಿಲು ರೀ, ಐದು ತಲೆಮಾರು ಮಲಗಿರೋದು.” ಐದು ಎಂದು ಯಾಕೆ ಅಂದೆನೋ ಗೊತ್ತಿಲ್ಲ, ಬಾಯಿಗೆ ಬಂತು. ಆಕೆ ಸಿರಿವಂತರ ಮನೆಯವಳು, ಮಾತಿಗೊಮ್ಮೆ ತಮ್ಮ ಮನೆಯ ಬೆಳ್ಳಿ ಸಾಮಾನಿನ ಸುದ್ದಿ ತೆಗೆಯುವವಳು. ನಮಗೂ ಒಂದಿರಲಿ ಎನ್ನಿಸಿತು. ಹೇಳಿದ ಮೇಲೆ ಮುಗಿಯಿತಲ್ಲ, ಇಪ್ಪತ್ತೊಂದನೇ ದಿನದೊಳಗೆ ಆ ತೊಟ್ಟಿಲು ನಮ್ಮ ಹಾಲಿನಲ್ಲಿ ಇರಲೇಬೇಕು. ಇಲ್ಲದಿದ್ದರೆ ನನ್ನ ಮರ್ಯಾದೆ ಮೂರು ಕಾಸು.

ಅಶ್ವತ್ಥರಿಗೆ ಫೋನ್ ಮಾಡಿದೆ. ಕ್ಷೇಮಸಮಾಚಾರ ಎಲ್ಲ ಆಯಿತು. ತೊಟ್ಟಿಲಿನ ಮಾತೆತ್ತಿದೆ.

“ಯಾವ ತೊಟ್ಟಿಲು?” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನೇನು ಅವರ ಮನೆಯ ಬೆಳ್ಳಿ ಕೇಳಿದೆನೇ? ನಮ್ಮದನ್ನು ನಾವು ಕೇಳಿದರೆ ಯಾವ ತೊಟ್ಟಿಲು ಅಂತೆ! “ನೋಡಿದ್ರಾ ನಿಮ್ಮ ಸ್ನೇಹಿತರ ಸೊಗಸು” ಎಂದು ಗಂಡನ ಮೇಲೆ ಹಾರಿಬಿದ್ದೆ. ನನ್ನ ಗಂಡ ಚಂದ್ರಕಾಂತ ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವರು; ಯಾವುದಕ್ಕೂ ಹಾರುವವರಲ್ಲ. ಪೇಪರು ಮಡಿಸಿ ಹೇಳಿದರು: “ಅಡಿಯಲ್ಲಿ ನಂಬರ್ ಇದೆ. ನೀಲಿ ಪೇಂಟು. ಸಿ.ಕೆ. ಹದಿನೇಳು ಬಾರ್ ನಲವತ್ತೊಂದು.”

ಇದು ಬ್ಯಾಂಕಿನವರ ಇನ್ನೊಂದು ಚಾಳಿ. ವರ್ಗವಾದಾಗ ಪ್ರತಿಯೊಂದು ಸಾಮಾನಿಗೂ ಹೆಸರಿನ ಅಕ್ಷರ, ಕ್ರಮಸಂಖ್ಯೆ, ಒಟ್ಟು ಸಂಖ್ಯೆ ಬರೆದು ಪಟ್ಟಿ ಮಾಡುವುದು. ನಮ್ಮವರು ಪೊರಕೆಗೂ ನಂಬರ್ ಹಾಕಿದ ಮನುಷ್ಯ. ನಾನು ಎಷ್ಟೋ ಸಲ ನಕ್ಕಿದ್ದೆ. ಆದರೆ ಅವತ್ತು ಆ ನೀಲಿ ಪೇಂಟು ನನಗೆ ಕೋರ್ಟಿನ ದಾಖಲೆಗಿಂತ ದೊಡ್ಡದಾಗಿ ಕಂಡಿತು.

ನೇರ ಹೋಗಿ ಜಗಳ ಆಡಿದರೆ ಸರಿಯಲ್ಲ. ಮಗ ಸುಮಂತನ ಮಕ್ಕಳಿಬ್ಬರನ್ನು ಜೊತೆಗೆ ಕಟ್ಟಿಕೊಂಡೆ. ಪ್ರೇರಣಾಗೆ ಹತ್ತು, ಶ್ರೇಯಸ್‌ಗೆ ಎಂಟು. ಅಜ್ಜಿ ಅನ್ನಿ ಎಂದು ಹೇಳಿ ಹೇಳಿ ಸಾಕಾಗಿದೆ. ತೆಲುಗಿನವರ ಹಾಗೆ ‘ನಾನಮ್ಮಾ’ ಎಂದೇ ಕರೆಯುತ್ತವೆ. “ವೈಜಾಗ್‌ನಲ್ಲಿ ಒಬ್ಬ ತಾತ ಇದ್ದಾರೆ, ಅವರ ಮನೇಲಿ ಟ್ರೆಷರ್ ಹಂಟ್. ನೀಲಿ ಬಣ್ಣದ ನಂಬರ್ ಹುಡುಕಿದವರಿಗೆ ಬಹುಮಾನ” ಎಂದೆ. ಬೆಳಗಿನ ರೈಲಿನಲ್ಲಿ ಆರು ಗಂಟೆ ಕೂತು ಹೋದೆವು. ದಾರಿಯುದ್ದಕ್ಕೂ ಅಶ್ವತ್ಥರಿಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಮಸೆಯುತ್ತಿದ್ದೆ.

ಮಕ್ಕಳಿಗೆ ಕಲೆಕ್ಷನ್ ತೋರಿಸಲು ಬರುತ್ತೇವೆ ಎಂದು ಮೊದಲೇ ತಿಳಿಸಿದ್ದೆ; ಆ ಮನುಷ್ಯ ಸ್ಟೇಷನ್ನಿಗೇ ಬಂದಿದ್ದರು. ತಲೆಗೆ ಕ್ಯಾಪು, ಕುತ್ತಿಗೆಗೆ ಭೂತಗನ್ನಡಿ, ಕೈಯಲ್ಲಿ ಮೂರು ಟಾರ್ಚು. ನನಗೆ “ಬನ್ನಿ ಕಮಲಾಕ್ಷಮ್ಮ” ಎಂದು ಒಂದು ನಮಸ್ಕಾರ. ಆಮೇಲೆ ಪೂರ್ತಿ ಗಮನ ಮಕ್ಕಳ ಮೇಲೆ.

“ನಮ್ಮ ಕಲೆಕ್ಷನ್ ನೋಡ್ಬೇಕಂದ್ರೆ ಒಂದು ರೂಲ್ ಇದೆ. ಮೊದ್ಲು ನೀವೇ ಒಂದು ವಸ್ತು ಹುಡುಕ್ಬೇಕು. ರೆಡಿನಾ?”

“ರೆಡೀ ತಾತಗಾರೂ!” ಎಂದು ಇಬ್ಬರೂ ಕುಣಿದರು.

ನನ್ನ ಕೆಲಸ ಬಿಟ್ಟು ಪೂರ್ಣಾ ಮಾರ್ಕೆಟ್ಟಿನ ಹಿಂದಿನ ಗುಜರಿ ಸಾಲಿಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಸೆಖೆಯಲ್ಲಿ ನಾನು ಬ್ಯಾಗು ಹಿಡಿದು ನಿಂತೆ. ಅವರು ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರು ಮಾಡಿದರು. ಪಾತ್ರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕು. ಮರವನ್ನು ಮೂಸಿ ನೋಡಬೇಕು. “ಎಲ್ಲಕ್ಕಿಂತ ಮೊದ್ಲು ತಿರುಗ್ಸಿ ಅಡಿ ನೋಡ್ಬೇಕು. ಮೇಲ್ಗಡೆ ಪಾಲಿಶ್ ಯಾರ್ ಬೇಕಾದ್ರೂ ಮಾಡ್ತಾರೆ. ಅಡಿಯಲ್ಲಿ ಪಾಲಿಶ್ ಮಾಡೋ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.”

ಒಂದು ಗಂಟೆ ಟಾರ್ಚು ಹಿಡಿದು ತೆವಳಾಡಿ, ಶ್ರೇಯಸ್ ಒಂದು ತುಕ್ಕು ಹಿಡಿದ ಬೀಗ ಹಿಡಿದು ಬಂದ. ಕೀಲಿ ಇಲ್ಲ. ಅಶ್ವತ್ಥರು ಅದನ್ನು ಭೂತಗನ್ನಡಿಯಲ್ಲಿ ನೋಡಿ, ಮೂಸಿ, ಕಿವಿಗೆ ಹಿಡಿದು, “ಅಬ್ಬಬ್ಬಾ! ಸೂಪರ್ ಕಣೋ!” ಎಂದು ಅವನ ಬೆನ್ನು ತಟ್ಟಿದರು. ಹುಡುಗನ ಮುಖ ಅರಳಿಹೋಯಿತು. ಗಣಿತದಲ್ಲಿ ನೂರಕ್ಕೆ ನೂರು ಬಂದಾಗಲೂ ಅವನು ಹಾಗೆ ನಕ್ಕದ್ದು ನಾನು ಕಂಡಿಲ್ಲ. ಸರಿ, ಮಕ್ಕಳನ್ನು ಮರುಳು ಮಾಡುವ ಕಲೆ ಈ ಮನುಷ್ಯನಿಗೆ ಚೆನ್ನಾಗಿ ಒಲಿದಿದೆ ಎಂದುಕೊಂಡೆ. ನನ್ನ ಸಿಟ್ಟು ಕಮ್ಮಿಯಾಗಲಿಲ್ಲ.

ಮನೆಗೆ ಹೋದ ಮೇಲೆ ದುರ್ಗಾಭವಾನಿ ಪುಳಿಹೋರ ಬಡಿಸಿದಳು. ಊಟವಾದದ್ದೇ ಮಹಡಿ ಹತ್ತಿದೆವು. ಹಾಲಿನ ನಟ್ಟನಡುವೆ, ಕಿಟಕಿಯಿಂದ ಸಮುದ್ರದ ಗಾಳಿ ಬೀಸುವ ಕಡೆ, ನಾಲ್ಕು ಸರಪಳಿಯಲ್ಲಿ ತೂಗಾಡುತ್ತಿತ್ತು ನಮ್ಮ ತೊಟ್ಟಿಲು. ಕೊಕ್ಕಿಲ್ಲದ ಗಿಳಿಯೂ ಇತ್ತು. ಅದಕ್ಕೊಂದು ಕಾರ್ಡು: ‘ರಾಜಮನೆತನದ ತೊಟ್ಟಿಲು, ಸುಮಾರು 150 ವರ್ಷ.’

“ಯಾವ ರಾಜಮನೆತನ ಅಶ್ವತ್ಥ ಅವ್ರೇ? ನಮ್ಮದಾ?” ಎಂದು ಕೇಳಿದೆ.

ಅವರು ನಕ್ಕರು. “ಶನಿವಾರ ಬರೋರಿಗೆ ಬರ್ದಿದ್ದು ಕಣಮ್ಮ. ಬ್ಯಾಂಕ್ ಆಫೀಸರ್ ತೊಟ್ಟಿಲು ಅಂದ್ರೆ ಯಾರ್ ಫೋಟೋ ತಗೀತಾರೆ?”

“ಹಾಗಾದ್ರೆ ಬ್ಯಾಂಕ್ ಆಫೀಸರ್‌ದು ಅಂತ ಒಪ್ಕೊಂಡ್ರಲ್ಲ! ಫೋನಲ್ಲಿ ಯಾವ ತೊಟ್ಟಿಲು ಅಂದ್ರಿ? ನಂಬಿ ಸಾಮಾನು ಬಿಟ್ಟು ಹೋದ್ರೆ ಬೋರ್ಡ್ ಹಾಕ್ಕೊಂಡು ಮೆರೀತೀರಾ? ನಾಚಿಕೆ ಆಗಲ್ವಾ?” ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ರೈಲಿನಲ್ಲಿ ಮಸೆದದ್ದೆಲ್ಲ ಹೊರಬಂತು. “ಪ್ರೇರಣಾ, ಅಡಿ ನೋಡು! ನೀಲಿ ನಂಬರ್ ಓದು, ಎಲ್ಲರೂ ಕೇಳ್ಲಿ.”

ಮಕ್ಕಳಿಬ್ಬರೂ ಟಾರ್ಚು ಹಿಡಿದು ತೊಟ್ಟಿಲ ಕೆಳಗೆ ನುಸುಳಿದರು.

“ಉಂದಿ, ಇದೆ ನಾನಮ್ಮಾ! ಬ್ಲೂ! ಸಿ.ಕೆ. ಸೆವೆಂಟೀನ್ ಬಾರ್ ಫಾರ್ಟಿಒನ್!”

ನಾನು ಸೊಂಟಕ್ಕೆ ಕೈಯಿಟ್ಟು ಅಶ್ವತ್ಥರನ್ನು ನೋಡಿದೆ. ಅವರು ಕನ್ನಡಕ ಒರೆಸುತ್ತ ನಿಂತಿದ್ದರು. ಸೋತರೂ ಸೋತೆ ಎನ್ನದ ಮನುಷ್ಯ ಎಂದುಕೊಂಡೆ.

“ಇನ್ನೊಂದೂ ಇದೆ ನಾನಮ್ಮಾ” ಎಂದಳು ಪ್ರೇರಣಾ ಕೆಳಗಿನಿಂದ. “ಬ್ಲೂ ಪಕ್ಕನೇ. ರೆಡ್ ಪೇಂಟು, ಕೊಂಚೆಂ ಮಾಸಿದೆ. ಎಸ್, ಯು, ಎಸ್... ಸುಶೀಲಾ. ಸುಶೀಲಾ ನೈನ್ ಬಾರ್ ಥರ್ಟಿ. ಸುಶೀಲಾ ಅಂದ್ರೆ ಯಾರು?”

ನನ್ನ ಕೈ ಸೊಂಟದಿಂದ ತಾನಾಗಿ ಕೆಳಗಿಳಿಯಿತು.

ಸುಶೀಲಾ ಯಾರು ಎಂದು ನನಗೆ ಗೊತ್ತಿತ್ತು. ನನ್ನ ಗಂಡನ ಬ್ರಾಂಚಿನಲ್ಲೇ ಆಫೀಸರಾಗಿದ್ದವರು, ಮೈಸೂರಿನವರು. ತೊಂಬತ್ತೆರಡರಲ್ಲಿ ಅವರಿಗೆ ವರ್ಗವಾಯಿತು. ಅವರ ಮಗಳು ಪ್ರತೀಕ್ಷಾ ಆಗ ಎರಡು ವರ್ಷದ ಕೂಸು. ಹೊರಡುವ ದಿನ ತೊಟ್ಟಿಲನ್ನು ನಮ್ಮ ಮನೆಗೆ ತಂದು, “ಸ್ವಲ್ಪ ಇಟ್ಕೊಂಡಿರಿ ಕಮಲಾಕ್ಷಿ, ಮುಂದಿನ ಸಲ ಬಂದಾಗ ತಗೊಂಡು ಹೋಗ್ತೀನಿ” ಎಂದಿದ್ದರು. ಮರುವರ್ಷ ಜಾಹ್ನವಿ ಹುಟ್ಟಿದಳು. ಅಟ್ಟದಲ್ಲಿದ್ದ ತೊಟ್ಟಿಲನ್ನು ಕೆಳಗಿಳಿಸಿ ಒರೆಸಿದೆವು. ಐದು ವರ್ಷದ ನಂತರ ನಾವು ಹೊರಟಾಗ ನಮ್ಮವರು ಎಲ್ಲಕ್ಕೂ ನಂಬರ್ ಹಾಕಿದ ಹಾಗೆ ಇದಕ್ಕೂ ಹಾಕಿದರು. ಅಲ್ಲಿಂದಾಚೆ ಅದು ನಮ್ಮದಾಯಿತು.

ದುರ್ಗಾಭವಾನಿ ಬಾಗಿಲಲ್ಲೇ ನಿಂತಿದ್ದಳು. ಮೂವತ್ತೈದು ವರ್ಷದಿಂದ ನಮ್ಮೆಲ್ಲರ ಸಾಮಾನಿನ ಧೂಳು ಒರೆಸಿದವಳು, ಸುಮ್ಮನಿರಲು ಅವಳಿಗೇನು ದಾಕ್ಷಿಣ್ಯ? “ಆರು ವರ್ಷದ ಹಿಂದೆ ಸುಶೀಲಗಾರು ನಿಮಗೆ ಫೋನ್ ಮಾಡಿದ್ರು ಕದಾ ಅಮ್ಮಾ? ಪ್ರತೀಕ್ಷಾ ಮೊದಲ ಮಗುವಿಗೆ ತೊಟ್ಟಿಲು ಬೇಕು ಅಂತ. ನೀವು ಏನಂದ್ರಿ?”

ಫೋನ್ ಬಂದದ್ದು ನಿಜ. ನಾನು ಅಡುಗೆಮನೆಯಲ್ಲಿದ್ದೆ, ಕುಕ್ಕರ್ ಕೂಗುತ್ತಿತ್ತು. ‘ನಮ್ಮ ತೊಟ್ಟಿಲು ನಿಮ್ಮಲ್ಲಿತ್ತಲ್ಲ’ ಎಂದು ಅವರು ಕೇಳಿದಾಗ ನನಗೆ ನಿಜವಾಗಿಯೂ ಏನೂ ಹೊಳೆದಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ನಮ್ಮ ತೊಟ್ಟಿಲು ಒಂದೇ.

“ಯಾವ ತೊಟ್ಟಿಲು ಅಂದ್ರಿ” ಎಂದರು ಅಶ್ವತ್ಥರು, ಕನ್ನಡಕ ಹಾಕಿಕೊಳ್ಳುತ್ತ. “ಆಯಮ್ಮ ಆಮೇಲೆ ನನಗೆ ಮಾಡಿದ್ರು. ಅಳ್ತಾ ಇದ್ರು. ನಾನೇನ್ ಮಾಡ್ಲಿ? ಯಾರು ಬಿಟ್ಟೋದ್ರೋ ಅವ್ರೇ ಹೇಳಿದ್ರೆ ಮಾತ್ರ ಕೊಡೋದು, ನಂದು ಅದೊಂದೇ ರೂಲು. ಕಮಲಾಕ್ಷಮ್ಮ ಒಂದು ಮಾತು ಹೇಳ್ಲಿ, ಕಳಿಸ್ತೀನಿ ಅಂದೆ. ಅವ್ರು ಮತ್ತೆ ನಿಮ್ಮನ್ನ ಕೇಳಲ್ಲ ಅಂದ್ರು. ಪ್ಲಾಸ್ಟಿಕ್ ತೊಟ್ಟಿಲಲ್ಲಿ ನಾಮಕರಣ ಆಯ್ತು.”

“ನನಗ್ಯಾಕೆ ಹೇಳ್ಲಿಲ್ಲ ನೀವು?”

“ಅವ್ರು ಹೇಳ್ಬೇಡಿ ಅಂದ್ರು. ಮೊನ್ನೆ ನೀವು ಫೋನ್ ಮಾಡಿದ್ರಲ್ಲ, ನೀವು ಅವ್ರಿಗೆ ಹೇಳಿದ್ದನ್ನೇ ನಿಮಗೂ ಹೇಳ್ದೆ. ಹೇಗಿರುತ್ತೆ ಅಂತ ಗೊತ್ತಾಗ್ಲಿ ಅಂತ.”

ಇಷ್ಟು ವರ್ಷ ಮಂಕುದಿಣ್ಣೆ ಎಂದುಕೊಂಡಿದ್ದ ಮನುಷ್ಯ ನನ್ನನ್ನು ಆರು ಗಂಟೆ ರೈಲಿನಲ್ಲಿ ಕೂರಿಸಿ ಕರೆಸಿಕೊಂಡು ಕೆನ್ನೆಗೆ ಬಾರಿಸಿದ್ದರು, ಅದೂ ಪುಳಿಹೋರ ತಿನ್ನಿಸಿ. ಮೊಮ್ಮಕ್ಕಳ ಎದುರು ಎಲ್ಲಿ ಅವಿತುಕೊಳ್ಳಲಿ ಎನ್ನುವಷ್ಟು ನಾಚಿಕೆಯಾಯಿತು. ಅದರ ಜೊತೆಗೆ ಇನ್ನೊಂದು ಚಿಂತೆ, ಹೇಳಲೂ ನಾಚಿಕೆ: ಹಾಗಾದರೆ ಬೀಗಿತ್ತಿಗೆ ಏನು ಹೇಳುವುದು?

ಅಲ್ಲೇ ಆ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತು ಸುಶೀಲಾಗೆ ಫೋನ್ ಮಾಡಿದೆ. ಸುತ್ತಿಬಳಸಿ ಹೇಳಲು ಆಗಲಿಲ್ಲ. “ಸುಶೀಲಾ ಅವ್ರೇ, ತೊಟ್ಟಿಲು ನಿಮ್ದು. ಮೊಮ್ಮಗಳ ನಾಮಕರಣಕ್ಕೆ ಅಂತ ಕೇಳೋಕೆ ಬಂದಾಗ ಗೊತ್ತಾಯ್ತು. ನಾನು ಮರೆತೇಬಿಟ್ಟಿದ್ದೆ. ತಪ್ಪಾಯ್ತು” ಎಂದೆ.

“ಕೊಕ್ಕು ಹೋಗಿರೋ ಗಿಳಿ ಇನ್ನೂ ಇದೆಯಾ?” ಎಂದು ಕೇಳಿದರು. “ಪ್ರತೀಕ್ಷಾಗೆ ಹಲ್ಲು ಬರೋವಾಗ ಕಚ್ಚಿ ಮುರ್ದು ಹಾಕಿದ್ದಳು. ರಕ್ತ ಬಂದು ಎಷ್ಟು ಹೆದರಿದ್ದೆ ಗೊತ್ತಾ ಅವತ್ತು.”

ಇದೆ ಎಂದೆ. ಜಾಹ್ನವಿಯ ಹೆಸರು ಎತ್ತಲಿಲ್ಲ. ಮೂವತ್ತು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದ ಆ ಹಲ್ಲಿನ ಕತೆಯೂ ನಮ್ಮದಲ್ಲ. ತೊಟ್ಟಿಲಿನ ಜೊತೆಗೆ ಅದನ್ನೂ ಇಟ್ಟುಕೊಂಡಿದ್ದೆ.

“ಪ್ರತೀಕ್ಷಾ ಈಗ ಎರಡನೇ ಬಸುರಿ, ಏಳು ತಿಂಗಳು” ಎಂದರು ಸುಶೀಲಾ. “ನಿಮ್ಮ ಮೊಮ್ಮಗಳನ್ನ ಮೊದಲು ಹಾಕಿ. ಆಮೇಲೆ ಮೈಸೂರಿಗೆ ಕಳಿಸಿ. ಈ ಸಲ ಕಳಿಸ್ತೀರಲ್ವಾ ಕಮಲಾಕ್ಷಿ?” ಆ ಕೊನೆಯ ಮಾತಿನಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುದಿನ ಅಶ್ವತ್ಥರೇ ತೊಟ್ಟಿಲು ಬಿಚ್ಚಿ, ಗೋಣಿ ಸುತ್ತಿ, ಟೆಂಪೋದಲ್ಲಿ ವಿಜಯವಾಡಕ್ಕೆ ಕಳಿಸಿಕೊಟ್ಟರು. ರಾಜಮನೆತನದ ಕಾರ್ಡು ಕಿತ್ತು ಹೊಸದೊಂದು ಕಟ್ಟಿದ್ದರು. ಮನೆಗೆ ಬಂದು ಗೋಣಿ ಬಿಚ್ಚಿದ ಮೇಲೆ ಓದಿದೆ. ‘ತೊಟ್ಟಿಲು. ಸುಮಾರು 36 ವರ್ಷ. ಮಾಲೀಕರು: ಸುಶೀಲಾ, ಮೈಸೂರು. ಯಾವ ತೊಟ್ಟಿಲು ಎಂದು ಕೇಳಿದವರು: ಕಮಲಾಕ್ಷಿ, ವಿಜಯವಾಡ.’ ಮೂರು ಭಾಷೆಯಲ್ಲೂ, ಮುತ್ತಿನಂಥ ಅಕ್ಷರ. ಆ ಮನುಷ್ಯ ಬರೆದ ಕಾರ್ಡುಗಳಲ್ಲಿ ನಿಜ ಹೇಳಿದ್ದು ಇದೊಂದೇ ಇರಬೇಕು.

ಕಿತ್ತು ಬಿಸಾಡೋಣ ಎಂದು ಕೈಹಾಕಿದೆ. ಪ್ರೇರಣಾ ಬಿಡಲಿಲ್ಲ. “ಒದ್ದು, ಬೇಡ ನಾನಮ್ಮಾ! ಲೇಬಲ್ ತೆಗೆದ್ರೆ ವ್ಯಾಲ್ಯೂ ಹೋಗುತ್ತೆ ಅಂತ ತಾತಗಾರು ಹೇಳಿದಾರೆ.” ಅವಳ ತಾತ, ಅಂದರೆ ನನ್ನ ಗಂಡ, ಅಷ್ಟರಲ್ಲಿ ಎಲ್ಲಿಂದಲೋ ನೀಲಿ ಪೇಂಟಿನ ಡಬ್ಬ ಹುಡುಕಿ ತಂದು, ಮೈಸೂರಿಗೆ ಹೋಗುವ ಸಾಮಾನಿಗೆ ಹೊಸ ನಂಬರ್ ಬೇಕಲ್ಲ ಎಂದು ಕೂತಿದ್ದರು. ಬ್ರಷ್ ಕಿತ್ತುಕೊಂಡೆ.

ನಾಮಕರಣದ ದಿನ ಬೀಗಿತ್ತಿ ಕಾರಿನಿಂದ ಇಳಿದವರೇ ನೆಟ್ಟಗೆ ತೊಟ್ಟಿಲ ಹತ್ತಿರ ಬಂದರು. ಗಿಳಿಗಳನ್ನು ಸವರಿದರು. “ಇದೇನಾ ರೀ ನಿಮ್ಮ ಐದು ತಲೆಮಾರಿನ ತೊಟ್ಟಿಲು?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಪ್ರೇರಣಾ ಆಗಲೇ ಕಾರ್ಡು ಹಿಡಿದು, ಟಾರ್ಚು ಬೇರೆ ಹಾಕಿಕೊಂಡು, ಓದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

“ಅಲ್ಲ ರೀ” ಎಂದೆ, ಅವಳಿಗಿಂತ ಮೊದಲೇ. “ಸುಶೀಲಾ ಅಂತ, ನಮ್ಮವರ ಜೊತೆ ಬ್ಯಾಂಕಲ್ಲಿದ್ರು, ಅವರದು. ಇಟ್ಕೊಂಡಿರಿ ಅಂತ ಕೊಟ್ಟು ಹೋಗಿದ್ರು. ನಾನು ಇಟ್ಕೊಂಡುಬಿಟ್ಟೆ. ಅವರು ಫೋನ್ ಮಾಡಿ ಕೇಳಿದಾಗ ಯಾವ ತೊಟ್ಟಿಲು ಅಂದೆ. ಮುಂದಿನ ವಾರ ಮೈಸೂರಿಗೆ ಹೋಗ್ತದೆ.”

ಬೀಗಿತ್ತಿ ಗಿಳಿಯ ಮೇಲಿಂದ ಕೈ ತೆಗೆದರು. ಜಾಹ್ನವಿ ನನ್ನನ್ನೇ ನೋಡುತ್ತಿದ್ದಳು. ನಾನು ಮಗುವನ್ನು ಅವಳ ಕೈಯಿಂದ ತೆಗೆದುಕೊಂಡು, ಕೊಕ್ಕಿಲ್ಲದ ಗಿಳಿಯ ಕಡೆಗೆ ತಲೆ ಬರುವಂತೆ ಮಲಗಿಸಿ, ಸರಪಳಿ ಹಿಡಿದೆ.